ಸೈನ್ ಹಾಕಿಕೊಡಿ ಅಕ್ಕ, ಸಾಕು

ಹೋದ ತಿಂಗಳು ನಮ್ಮ ಸಂಸ್ಥೆ ಆಫೀಸಿಗೆ ಒಬ್ಬ ಹುಡುಗ ಬಂದಿದ್ದ. ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜ ಕಾರ್ಯದ ಸ್ನಾತಕೋತ್ತರ ಕೋರ್ಸು, ಎರಡನೇ ಸೆಮಿಸ್ಟರ್. ಕೈಯಲ್ಲಿ ಫೀಲ್ಡ್ ವರ್ಕ್ (ಹೊರಗೆ ಜನರ ನಡುವೆ ಕೆಲಸ ಮಾಡಿ ಕಲಿಯೋದು) ಅಟೆಂಡೆನ್ಸ್ ಶೀಟು, 24 ದಿನದ್ದು, ಡೇಟು, ಬಂದ ಟೈಮು, ಹೋದ ಟೈಮು ಎಲ್ಲಾ ಮೊದಲೇ ತುಂಬ್ಕೊಂಡು ಬಂದಿದಾನೆ. "ಸೈನ್ ಮಾಡಿ ಸೀಲ್ ಹಾಕಿಕೊಡಿ ಅಕ್ಕ, ಸಾಕು. ರಿಪೋರ್ಟು ಸೀನಿಯರ್‌ದು ಇದೆ, ನೋಡ್ಕೊಂಡು ಬರೀತೀನಿ" ಅಂದ. ಸುಳ್ಳು ಮಾಡಿಸ್ಕೊಳ್ಳೋಕೆ ಬಂದಿದೀನಿ ಅನ್ನೋ ಅಳುಕು ಒಂಚೂರೂ ಇಲ್ಲ, ಬ್ಯಾಂಕಲ್ಲಿ ಚಲನ್ ಕೊಟ್ಟಂಗೆ ಕೊಟ್ಟ. ನನಗೆ ಚುಚ್ಚಿದ್ದು ಅದೇ.

ಸೈನ್ ಹಾಕ್ಲಿಲ್ಲ. ಬೈಯೋಕೂ ಮನಸ್ಸು ಬರ್ಲಿಲ್ಲ. ಟೀ ತರಿಸಿ ಕೂರಿಸ್ಕೊಂಡು ಕೇಳ್ದೆ. ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಮೆಡಿಕಲ್ ಸ್ಟೋರಲ್ಲಿ ಕೆಲಸ ಮಾಡ್ತಾನೆ, ಅದರಲ್ಲೇ ಫೀಸು. ಬಸ್ ಪಾಸು ಇರೋದು ಊರಿಂದ ಕಾಲೇಜಿಗೆ ಮಾತ್ರ, ಫೀಲ್ಡ್ ವರ್ಕಿಗೆ ಹಾಕಿರೋ ಜಾಗ ಆ ಕಡೆ ದಿಕ್ಕಲ್ಲಿ. "ಹುಡುಗೀರಿಗೆ 2023ರಿಂದ ಬಸ್ ಫ್ರೀ ಆಗಿದೆ ಅಕ್ಕ, ನಾವು ವಾರಕ್ಕೆ ಎರಡು ದಿನ ಕೈಯಿಂದ ಹಾಕ್ಬೇಕು" ಅಂದ. ಕ್ಲಾಸಲ್ಲಿ 34 ಜನ, ನೋಡ್ಕೊಳ್ಳೋಕೆ ಇಬ್ಬರು ಗೆಸ್ಟ್ ಲೆಕ್ಚರರ್. ಮೊದಲ ಸೆಮಿಸ್ಟರಲ್ಲಿ ಇವನು ನಿಜವಾಗ್ಲೂ ಹೋಗಿ ಬಂದು ಬರೆದ ರಿಪೋರ್ಟನ್ನ ಯಾರೂ ಓದ್ಲಿಲ್ವಂತೆ, ಪ್ರತಿ ಪೇಜಿಗೂ ಒಂದು ರೈಟ್ ಮಾರ್ಕು. ಓದದೇ ಇರೋದನ್ನ ಯಾಕೆ ಬರೀಬೇಕು ಅಂತ ಅವನಿಗೆ ಅನ್ಸಿದ್ರೆ ಅದರಲ್ಲಿ ಅವನದು ಎಷ್ಟು ತಪ್ಪು ಹೇಳಿ.

ಈ ಕೋರ್ಸ್ ಬಗ್ಗೆ ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ಬೇಕು. ನಾನು ಎಂಎಸ್‌ಡಬ್ಲ್ಯೂಗೆ ಸೇರ್ತೀನಿ ಅಂದಾಗ ನಮ್ಮ ದೊಡ್ಡಪ್ಪ, "ಸಮಾಜ ಸೇವೆ ಮಾಡೋಕೆ ಡಿಗ್ರಿ ಬೇರೆ ಬೇಕೇನವ್ವ, ಮಠದಲ್ಲಿ ಸಾವಿರಾರು ಜನಕ್ಕೆ ಊಟ ಬಡಿಸೋರೆಲ್ಲ ಏನು ಓದಿದಾರೆ" ಅಂದಿದ್ರು. ಅವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲ. ಈಗ ಇದೆ. ಹಸಿದೋರಿಗೆ ಬಡಿಸೋದು ದೊಡ್ಡ ಕೆಲಸ, ಅದಕ್ಕೆ ಡಿಗ್ರಿ ಬೇಡ. ಆದ್ರೆ ಒಬ್ಬ ಮನುಷ್ಯ ಮಾತ್ರೆ ಯಾಕೆ ಬಿಟ್ಟ, ಒಂದು ಮಗು ಮನೆ ಬಿಟ್ಟು ಯಾಕೆ ಓಡಿ ಬಂತು, ಇದನ್ನ ಅವರ ಬಾಯಿಂದಲೇ ಕೇಳಿ ತಿಳ್ಕೊಂಡು, ಅವರ ಜೊತೆ ನಿಂತು ದಾರಿ ಹುಡುಕೋದಿದೆಯಲ್ಲ, ಅದನ್ನ ಕಲೀಬೇಕು, ಕಲಿಸೋರು ಬೇಕು. ನಮ್ಮ ದೇಶದಲ್ಲಿ ಇದಕ್ಕೆ ಅಂತಾನೇ ಮೊದಲ ಶಾಲೆ ಶುರುವಾಗಿದ್ದು 1936ರಲ್ಲಿ ಮುಂಬೈಲಿ, ಈಗ ಟಿಸ್ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್) ಅಂತೀವಲ್ಲ ಅದು. ಅದನ್ನ ಕಟ್ಟಿದ ಕ್ಲಿಫರ್ಡ್ ಮ್ಯಾನ್ಶಾರ್ಟ್ ಅದಕ್ಕೂ ಮುಂಚೆ ನಾಗಪಾಡದಲ್ಲಿ ಬಡವರ ನಡುವೆ ಕೆಲಸ ಮಾಡ್ತಿದ್ದೋರು. ಕ್ಲಾಸ್‌ರೂಮಿಗಿಂತ ಮುಂಚೆ ಗಲ್ಲಿ ಬಂತು. ನಮ್ಮಲ್ಲಿ ಮಂಗಳೂರಿನ ಸಮಾಜ ಕಾರ್ಯ ಕಾಲೇಜು ರೋಶನಿ ನಿಲಯ 1960ರದ್ದು. ಈಗ ಎಷ್ಟೋ ತಾಲ್ಲೂಕು ಕೇಂದ್ರಗಳಲ್ಲೂ ಎಂಎಸ್‌ಡಬ್ಲ್ಯೂ ಇದೆ, ನನ್ನಂಥ ಹಳ್ಳಿ ಹುಡುಗೀರು ಓದೋಕೆ ಆಗಿದ್ದೇ ಅದರಿಂದ, ಹಾಗಾಗಿ ಕಾಲೇಜು ಜಾಸ್ತಿ ಆಯ್ತು ಅಂತ ನಾನು ಯಾವತ್ತೂ ದೂರಲ್ಲ.

ನಮಗೆ ವಾರಕ್ಕೆ ಎರಡು ದಿನ ಫೀಲ್ಡು, ಒಂದು ಗ್ರಾಮೀಣ ಶಿಬಿರ, ಕೊನೆಗೆ ಒಂದು ತಿಂಗಳು ಬ್ಲಾಕ್ ಪ್ಲೇಸ್‌ಮೆಂಟು, ಅಂದ್ರೆ ಒಂದೇ ಸಂಸ್ಥೇಲಿ ಪೂರ್ತಿ ಕೆಲಸ. ಇದೆಲ್ಲಾ ಹೊರಗಿನೋರಿಗೂ ಕಾಣೋದೇ. ಕಾಣದೇ ಇರೋದು ಐಸಿ (ಇಂಡಿವಿಜುವಲ್ ಕಾನ್ಫರೆನ್ಸ್), ಅಂದ್ರೆ ವಾರಕ್ಕೊಂದ್ಸಲ ಸೂಪರ್‌ವೈಸರ್ ಎದುರು ಒಬ್ಬರೇ ಕೂತು ನಾವು ಬರೆದಿದ್ದನ್ನ ಸಾಲು ಸಾಲಾಗಿ ಓದ್ಸೋದು. ಇಡೀ ಎರಡು ವರ್ಷದಲ್ಲಿ ನಾನು ಏನಾದ್ರೂ ಕಲಿತಿದ್ರೆ ಆ ಕುರ್ಚಿ ಮೇಲೆ ಕೂತು ಕಲಿತಿದ್ದು.

ನನ್ನದೇ ಒಂದು ಕೇಸ್ ಹೇಳ್ತೀನಿ, ಊರು ಆಸ್ಪತ್ರೆ ಯಾವುದೂ ಹೇಳಲ್ಲ. 2019, ಮೂರನೇ ಸೆಮಿಸ್ಟರು, ಸರ್ಕಾರಿ ಆಸ್ಪತ್ರೇಲಿ ಫೀಲ್ಡು. ಎಪಿಎಂಸಿ ಯಾರ್ಡಲ್ಲಿ ಹಮಾಲಿ ಕೆಲಸ ಮಾಡೋ ಒಬ್ಬರಿಗೆ ಟಿಬಿ. ಶುರು ಮಾಡಿದ ಮಾತ್ರೆ ಕೆಲವೇ ವಾರಕ್ಕೆ ಬಿಟ್ಟಿದಾರೆ. ಸಹಾಯಕ್ಕೆ ಬಂದೋರ ಜೊತೆ ಹೇಗೆ ನಡ್ಕೋಬೇಕು ಅಂತ ಬೀಸ್ಟೆಕ್ ಅನ್ನೋರು ಹೇಳಿದ 7 ತತ್ವವನ್ನ ನಾನು ಹಿಂದಿನ ವರ್ಷ ತಾನೇ ಬಾಯಿಪಾಠ ಮಾಡಿ ಬರೆದಿದ್ದೆ, ಎದುರಿನೋರ ಮೇಲೆ ತೀರ್ಪು ಕೊಡಬಾರದು ಅನ್ನೋದೂ ಅದರಲ್ಲಿ ಒಂದು. ಆದ್ರೆ ಅವರು ಎದುರು ಕೂತಾಗ ನನ್ನ ಬಾಯಿಂದ ಬಂದಿದ್ದು, "ಆರು ತಿಂಗಳು ಮಾತ್ರೆ ತಗೊಳ್ಳೋಕೆ ಆಗಲ್ವಾ, ಮನೇಲಿ ಚಿಕ್ಕ ಮಕ್ಕಳಿದಾರೆ, ಅವರಿಗೂ ಅಂಟಿಸ್ತೀರಾ?" ಅವರು ತಲೆ ತಗ್ಗಿಸಿ "ಆಯ್ತವ್ವ" ಅಂದು ಎದ್ದು ಹೋದ್ರು. ರಿಪೋರ್ಟಲ್ಲಿ "ರೋಗಿಗೆ ಅರಿವು ಮೂಡಿಸಲಾಯಿತು" ಅಂತ ಬರೆದೆ.

ನನ್ನ ಸೂಪರ್‌ವೈಸರ್ ಮೇಡಂ ಆ "ಮೂಡಿಸಲಾಯಿತು" ಕೆಳಗೆ ಕೆಂಪು ಇಂಕಲ್ಲಿ ಗೆರೆ ಎಳೆದ್ರು. "ಎರಡು ಪೇಜ್ ಬರೆದಿದೀಯ. ಅವರು ಹೇಳಿದ ಮಾತು ಇದರಲ್ಲಿ ಎಲ್ಲಿದೆ?" ಅಂತ ಕೇಳಿದ್ರು. ಹುಡುಕಿದೆ. "ಆಯ್ತವ್ವ" ಬಿಟ್ರೆ ಒಂದಕ್ಷರ ಇರ್ಲಿಲ್ಲ.

ಆ ವಾರ ಆಶಾ ಕಾರ್ಯಕರ್ತೆ ಜೊತೆ ಅವರ ಮನೆಗೆ ಹೋದೆ. ಒಂದು ಗಂಟೆ ಬರೀ ಕೇಳಿಸ್ಕೊಂಡೆ, ಅದೂ ಮೊದಲು ಬಾಯಿ ಬಿಟ್ಟಿದ್ದು ಅವರ ಹೆಂಡತಿ. ಮಾತ್ರೆ ಶುರು ಮಾಡಿದ ಮೇಲೆ ಮೂತ್ರ ಕೆಂಪಗೆ ಹೋಗ್ತಿದೆ, ರಕ್ತ ಹೋಗ್ತಿದೆ ಅಂತ ಹೆದರಿ ಬಿಟ್ಟಿದಾರೆ. ಟಿಬಿಗೆ ಕೊಡೋ ರಿಫಾಂಪಿಸಿನ್ ಔಷಧಿ ತಗೊಂಡ್ರೆ ಹಾಗೇ ಆಗೋದು, ಅದರಿಂದ ತೊಂದರೆ ಇಲ್ಲ, ಅಷ್ಟು ಒಂದು ಮಾತನ್ನ ಅವರಿಗೆ ಅರ್ಥ ಆಗೋ ಹಾಗೆ ಯಾರೂ ಹೇಳಿರ್ಲಿಲ್ಲ, ನಾನೂ ಸೇರಿ. ಇನ್ನೊಂದು, ಬೆಳಗಿನ ಜಾವ ಖಾಲಿ ಹೊಟ್ಟೇಲಿ ಮಾತ್ರೆ ನುಂಗಿ ಯಾರ್ಡಿಗೆ ಹೋದ್ರೆ ಮೂಟೆ ಹೊರುವಾಗ ವಾಕರಿಕೆ, ಎರಡು ದಿನ ಕೂಲಿ ತಪ್ಪಿದೆ. ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆ ಅಂತ ಆಗ ತಿಂಗಳಿಗೆ 500 ರೂಪಾಯಿ ಬರ್ತಿತ್ತು, ಇವರಿಗೆ ಒಂದು ಕಂತೂ ಬಂದಿಲ್ಲ, ಯಾಕಂದ್ರೆ ಅಕೌಂಟು ವರ್ಷಗಟ್ಟಲೆ ಬಳಸದೆ ನಿಂತುಹೋಗಿದೆ. ಬ್ಯಾಂಕಿಗೆ ಹೋಗೋಣ ಅಂದ್ರೆ ಅವತ್ತಿನ ಕೂಲಿ ಹೋಗತ್ತೆ. ಯಾರ್ಡಿಗೆ ರಜೆ ಇದ್ದ ಒಂದು ದಿನ ನೋಡ್ಕೊಂಡು ನಾನೂ ಜೊತೆಗೆ ಹೋದೆ. ಡಾಕ್ಟರ್ ಮತ್ತೆ ಪರೀಕ್ಷೆ ಮಾಡಿಸಿ ಚಿಕಿತ್ಸೆ ಶುರು ಮಾಡಿದ್ರು. 2020ರ ಮಾರ್ಚಲ್ಲಿ ಲಾಕ್‌ಡೌನ್ ಆಗಿ ನಮ್ಮ ಫೀಲ್ಡು ಅರ್ಧಕ್ಕೇ ನಿಂತಿತು, ಆದ್ರೆ ಮೇ ತಿಂಗಳಲ್ಲಿ ಅವರ ಹೆಂಡತಿ ಫೋನ್ ಮಾಡಿ ಕಫ ಪರೀಕ್ಷೆ ನೆಗೆಟಿವ್ ಬಂತು ಅಂದ್ರು. ಅವತ್ತು ನಾನು ಅತ್ತಿದ್ದು ಇನ್ನೂ ನೆನಪಿದೆ.

ಮೇಡಂ ಆ ಗೆರೆ ಎಳೀದೆ ಒಂದು ರೈಟ್ ಮಾರ್ಕ್ ಹಾಕಿ ಕೊಟ್ಟಿದ್ರೆ ಏನಾಗ್ತಿತ್ತು ಅಂತ ಎಷ್ಟೋ ಸಲ ಯೋಚಿಸಿದೀನಿ.

ಸೀನಿಯರ್ ರಿಪೋರ್ಟ್ ಕಾಪಿ ಹೊಡೆದು ಪಾಸಾದ ಹುಡುಗ ಹುಡುಗಿ ನಾಳೆ ಎಲ್ಲಿಗೆ ಹೋಗ್ತಾರೆ ನೋಡಿ. ಒಂದಷ್ಟು ಜನ ಎಚ್‌ಆರ್‌ಗೆ ಹೋಗ್ತಾರೆ, ದೊಡ್ಡ ಕಾರ್ಖಾನೇಲಿ ವೆಲ್‌ಫೇರ್ ಆಫೀಸರ್ ಇರಲೇಬೇಕು ಅಂತ ಕಾನೂನು ಹೇಳತ್ತೆ, ಹೋಗ್ಲಿ, ಅಲ್ಲೂ ಒಳ್ಳೆಯೋರು ಬೇಕು. ಇನ್ನು ಕೆಲವರು ಮಕ್ಕಳ ರಕ್ಷಣಾ ಘಟಕಕ್ಕೆ ಬರ್ತಾರೆ. ಕಾನೂನಿನ ಜೊತೆ ಸಂಘರ್ಷಕ್ಕೆ ಬಂದ, ಅಂದ್ರೆ ಅಪರಾಧದ ಆರೋಪ ಇರೋ ಮಗುವನ್ನ ಬಾಲ ನ್ಯಾಯ ಮಂಡಳಿ ಮುಂದೆ ತಂದ್ರೆ 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು, 2015ರ ಕಾಯ್ದೇಲೇ ಇದೆ. ಆ ಮಗು ಮನೆ ಹೇಗಿದೆ, ಶಾಲೆ ಯಾಕೆ ಬಿಡ್ತು, ಅಪ್ಪ ಕುಡೀತಾನಾ, ಯಾರ ಸಹವಾಸ, ಎಲ್ಲಾ ಆ ವರದೀಲಿ ಬರಬೇಕು. ಮಂಡಳಿಯೋರು ಅದನ್ನ ನೋಡಿ ತೀರ್ಮಾನ ಮಾಡ್ತಾರೆ. ಬೇರೆ ಮಗುವಿನ ವರದಿ ತೆಗೆದು ಹೆಸರು ಬದಲಾಯಿಸಿ ಕೊಟ್ಟರೆ? ಕಾಪಿ ಹೊಡೆಯೋದು ಎರಡು ವರ್ಷ ಅಭ್ಯಾಸ ಆಗಿಬಿಟ್ರೆ ಕೆಲಸಕ್ಕೆ ಸೇರಿದ ದಿನ ಅದು ಹೋಗಲ್ಲ.

ತಪ್ಪು ನಮ್ಮ ಸಂಸ್ಥೆಗಳದ್ದೂ ಇದೆ, ಇದನ್ನ ಹೇಳದೇ ಇದ್ರೆ ಆಗಲ್ಲ. ಟ್ರೈನಿ ಬಂದ್ರೆ ಜೆರಾಕ್ಸ್ ಮಾಡಿಸ್ತೀವಿ, ಜಾಥಾದಲ್ಲಿ ಬ್ಯಾನರ್ ಹಿಡಿಸ್ತೀವಿ, ಎಕ್ಸೆಲ್ ಶೀಟ್ ತುಂಬಿಸ್ತೀವಿ, ಕೊನೆಗೆ ಚೆನ್ನಾಗಿ ಕೆಲಸ ಮಾಡಿದ್ರು ಅಂತ ಸರ್ಟಿಫಿಕೇಟು. ಅವರಿಗೆ ಒಂದು ಕೇಸ್ ಕೊಟ್ಟು ಜೊತೆಗೆ ಕರ್ಕೊಂಡು ಹೋಗೋಕೆ ನಮಗೆ ಟೈಮ್ ಇಲ್ಲ.

ಯೂನಿವರ್ಸಿಟಿಯೋರಿಗೆ ನನ್ನ ಮಾತು ತಲುಪತ್ತೋ ಇಲ್ವೋ, ಆದ್ರೂ ಬರೀತೀನಿ. ಹೊಸ ಪೇಪರ್, ಹೊಸ ಸಿಲಬಸ್ ಆಮೇಲೆ ಮಾಡಿ. ಮೊದಲು ರಿಪೋರ್ಟ್ ಓದೋಕೆ ಜನ ಕೊಡಿ, ಒಬ್ಬ ಟೀಚರಿಗೆ ಎಂಟು ಹತ್ತು ವಿದ್ಯಾರ್ಥಿಗಳಿದ್ರೆ ಕೂತು ಮಾತಾಡಬಹುದು, 17 ಜನ ಇದ್ರೆ ಹೇಗೆ ಸ್ವಾಮಿ, ಅದೂ ಮುಂದಿನ ವರ್ಷ ಕೆಲಸ ಇರತ್ತೋ ಇಲ್ವೋ ಗೊತ್ತಿಲ್ಲದ ಗೆಸ್ಟ್ ಲೆಕ್ಚರರ್‌ಗೆ. ಫೀಲ್ಡ್ ವರ್ಕ್ ಜಾಗವನ್ನೂ ಬಸ್ ಪಾಸಲ್ಲಿ ಸೇರಿಸಿ. ಒಂದು ಸೀಲು ಒಂದು ಲೆಟರಿನ ಕೆಲಸ ಅದು, ಆದ್ರೆ ಎಷ್ಟು ಹುಡುಗರು ಅದೊಂದಕ್ಕೇ ಫೀಲ್ಡ್ ತಪ್ಪಿಸ್ತಿದಾರೆ.

ಆ ಹುಡುಗನ ವಿಷಯ. ಅವನ ಬಸ್ ಬರೋ ದಾರೀಲೇ ಒಂದು ಹಳ್ಳೀಲಿ ನಮ್ಮ ಕೆಲಸ ಇದೆ, ಪಾಸಲ್ಲೇ ಇಳ್ಕೋಬಹುದು. ಅವರ ಲೆಕ್ಚರರ್ ಹತ್ರ ನಾನೇ ಫೋನಲ್ಲಿ ಮಾತಾಡಿ ಅಲ್ಲಿಗೆ ಹಾಕಿಸ್ಕೊಂಡೆ, ಪಾಪ ಅವರೂ ಖುಷಿಯಿಂದ ಒಪ್ಪಿದ್ರು. ಹಳೇ ಶೀಟ್ ಹರಿದು ಹೊಸದು ತಂದ. ಹೋದ ಶನಿವಾರ ಮೊದಲನೇ ದಿನ. ಸೋಮವಾರ ರಿಪೋರ್ಟ್ ತಂದುಕೊಟ್ಟ, ಅರ್ಧ ಪೇಜು, ಅದರಲ್ಲಿ ಆರು ಕಾಗುಣಿತ ತಪ್ಪು. ಪಿಂಚಣಿ ನಿಂತುಹೋಗಿರೋ ಒಬ್ಬ ಅಜ್ಜಿ ಮನೆಗೆ ಹೋಗಿದಾನೆ. ನಡುವೆ ಒಂದು ಸಾಲು ಹೀಗಿತ್ತು: ಅಜ್ಜಿ ಹೇಳಿದ್ದು, "ಪೋಸ್ಟ್‌ಮ್ಯಾನ್ ಬರೋ ದಿನ ನಾನು ಹೊಲದ ಕಡೆಗೂ ಹೋಗಲ್ಲ ಕಣಪ್ಪ, ಬಾಗಿಲಲ್ಲೇ ಕೂತಿರ್ತೀನಿ."

"ಆಮೇಲೆ ಅಜ್ಜಿ ಏನಂದ್ರು?" ಅಂತ ಕೇಳ್ದೆ. ಇಪ್ಪತ್ತು ನಿಮಿಷ ಮಾತಾಡ್ದ. ಒಂದು ದಿನಕ್ಕೆ ಸೈನ್ ಹಾಕಿದೀನಿ, ಇನ್ನೂ 23 ಬಾಕಿ ಇದೆ.