ನೋವು ಇಳಿದರೂ ಬುದ್ಧಿ ಹಲ್ಲನ್ನು ತೋರಿಸಿ

ಬುದ್ಧಿ ಹಲ್ಲು ಸಾಮಾನ್ಯವಾಗಿ ಬರುವುದು 17ರಿಂದ 25ರ ವಯಸ್ಸಿನಲ್ಲಿ. ಧಾರವಾಡಕ್ಕೆ ಕಾಲೇಜು, ಕೋಚಿಂಗ್ ಅಂತ ಬಂದು ಪಿಜಿಯಲ್ಲಿರುವ ಮಕ್ಕಳ ವಯಸ್ಸೂ ಅದೇ. "ದವಡಿ ಬಾತದ, ಬಾಯಿ ತಗಿಯಾಕ ಆಗವಲ್ದು" ಅಂತ ಮೆಡಿಕಲ್ ಶಾಪಿನಲ್ಲಿ ಹೇಳಿ ಎರಡು ನಮೂನೆ ಗುಳಿಗೆ ತಂದು ನುಂಗುತ್ತಾರೆ. ನಾಲ್ಕು ದಿನಕ್ಕೆ ನೋವು ಇಳಿಯುತ್ತದೆ, ಹಲ್ಲಿನ ನೆನಪೂ ಹೋಗುತ್ತದೆ. ಆದರೆ ಆ ಹಲ್ಲನ್ನು ಏನು ಮಾಡಬೇಕೆಂದು ತೀರ್ಮಾನಿಸಬೇಕಾದದ್ದು ನೋವಿಲ್ಲದ ಈ ದಿನಗಳಲ್ಲೇ.

ಕೆಳದವಡೆಯ ತುದಿಯಲ್ಲಿ ಜಾಗ ಸಾಲದೆ ಹಲ್ಲು ಅರ್ಧಕ್ಕೇ ನಿಂತರೆ, ಅದರ ಮೇಲೆ ಒಸಡಿನ ಮಡಿಕೆಯೊಂದು ಉಳಿಯುತ್ತದೆ. ರೊಟ್ಟಿಯ ಚೂರು, ಗಿರ್ಮಿಟ್ಟಿನ ಚುರಮುರಿ, ಶೇಂಗಾ ಹಿಂಡಿ ಎಲ್ಲ ಅದರಡಿ ಸೇರುತ್ತವೆ. ಬ್ರಶ್ ಅಲ್ಲಿಗೆ ತಾಗುವುದಿಲ್ಲ. ಬ್ಯಾಕ್ಟೀರಿಯಾ ಬೆಳೆದು ಒಸಡು ಬಾತುಕೊಳ್ಳುತ್ತದೆ, ಬಾತ ಒಸಡನ್ನು ಮೇಲಿನ ಹಲ್ಲು ಮತ್ತೆ ಮತ್ತೆ ಕಚ್ಚುತ್ತದೆ. ಪೆರಿಕೊರೊನೈಟಿಸ್ ಅನ್ನುವುದು ಇದಕ್ಕೇ. ಗುಳಿಗೆಯಿಂದ ಸೋಂಕು ತಗ್ಗಬಹುದು, ಮಡಿಕೆ ಅಲ್ಲೇ ಇರುತ್ತದೆ.

ಮೊದಲ ಸಲ ಬಂದಾಗ ಮುಖ್ಯ ಚಿಕಿತ್ಸೆ ತೊಳೆಯುವುದು. ದಂತವೈದ್ಯರು ಸಿರಿಂಜಿನಿಂದ ಮಡಿಕೆಯಡಿ ಸಲೈನ್ ಬಿಟ್ಟು ಕೊಳೆ ಹೊರತೆಗೆಯುತ್ತಾರೆ. ಮನೆಯಲ್ಲಿ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಪ್ರತಿ ಊಟದ ನಂತರ ಆ ಬದಿಗೆ ಅರ್ಧ ನಿಮಿಷ ಹಿಡಿದು ಮುಕ್ಕಳಿಸಿ. ಲವಂಗದೆಣ್ಣೆಯ ಹತ್ತಿ ಒತ್ತಿಟ್ಟರೆ ಒಸಡು ಸುಡುತ್ತದೆ, ತಂಬಾಕನ್ನಂತೂ ಇಡಲೇಬೇಡಿ. ಜ್ವರವಿದ್ದರೆ, ಬಾವು ಹರಡುತ್ತಿದ್ದರೆ, ಬಾಯಿ ಬಿಗಿದಿದ್ದರೆ ಆಂಟಿಬಯಾಟಿಕ್ ಬೇಕಾಗಬಹುದು, ಅದನ್ನು ವೈದ್ಯರೇ ಬರೆಯಲಿ. ಗದ್ದದ ಕೆಳಗೆ ಬಾತು, ಉಗುಳು ನುಂಗಲೂ ಆಗದೆ, ಉಸಿರಿಗೆ ಕಷ್ಟವಾದರೆ ಬೆಳಗಿನವರೆಗೆ ಕಾಯದೆ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತನ್ನು ನಮ್ಮ ಭಾಗದ ಹುಡುಗರಿಗೆ ಒತ್ತಿ ಹೇಳಬೇಕು. ಗುಟ್ಕಾ ತಿನ್ನುವವರಿಗೆ ಬಾಯಿ ತಿಂಗಳಿಂದ ತಿಂಗಳಿಗೆ ಚಿಕ್ಕದಾಗುತ್ತಾ ಬಂದು, ಖಾರ ತಾಗಿದರೆ ಉರಿಯುತ್ತಿದ್ದರೆ ಅದನ್ನು ಬುದ್ಧಿ ಹಲ್ಲಿನ ಮೇಲೆ ಹಾಕಬೇಡಿ. ಅಡಿಕೆಯಿಂದ ಬಾಯಿಯ ಒಳಪದರ ಬಿಗಿದುಕೊಳ್ಳುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು, ಅದು ಕ್ಯಾನ್ಸರಿಗೆ ತಿರುಗಬಲ್ಲ ರೋಗ.

ಹಾಗಂತ ಕಂಡ ಬುದ್ಧಿ ಹಲ್ಲನ್ನೆಲ್ಲ ಕೀಳಿಸಬೇಕಿಲ್ಲ. ರೋಗವಿಲ್ಲದ ಹಲ್ಲನ್ನು ಮುಂಜಾಗ್ರತೆಗೆಂದು ಕೀಳಬಾರದು ಅಂತ ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2000ರಲ್ಲೇ ಹೇಳಿದೆ. ತೀರಾ ಜೋರಿಲ್ಲದ ಮೊದಲ ಬಾವು ಕೀಳಲು ಕಾರಣವಲ್ಲ, ಎರಡನೇ ಸಲ ಬಂದರೆ ಯೋಚಿಸಬೇಕು ಅನ್ನುವುದೂ ಅದರಲ್ಲೇ ಇದೆ. ಇದು ಸರಿಯಾದ ಅಳತೆ ಅಂತ ನನ್ನ ಅಭಿಪ್ರಾಯ. ಮುಂದಿನ ಹಲ್ಲುಗಳು ಸೊಟ್ಟಗಾಗುತ್ತವೆ ಅನ್ನುವ ಹೆದರಿಕೆಗೆ ಕೀಳಿಸುವುದು ಬೇಡ. ಆದರೆ ಮುಂದಕ್ಕೆ ವಾಲಿ ಪಕ್ಕದ ದವಡೆ ಹಲ್ಲಿಗೆ ಒರಗಿದ್ದರೆ ಸುಮ್ಮನಿರಬೇಡಿ. ಆ ಸಂದಿಯಲ್ಲಿ ಹುಳುಕು ಹಿಡಿದರೆ ಒಳ್ಳೆಯ ಹಲ್ಲೂ ಹೋಗುತ್ತದೆ.

ಇದೆಲ್ಲ ತಿಳಿಯುವುದು ಎರಡೂ ದವಡೆ ಕಾಣುವ ಓಪಿಜಿ ಎಕ್ಸ್‌ರೇಯಲ್ಲಿ. ಕೆಳತುಟಿ, ಗದ್ದಕ್ಕೆ ಸ್ಪರ್ಶ ಕೊಡುವ ನರ ಬೇರಿನ ಹತ್ತಿರವೇ ಹಾದುಹೋಗುತ್ತದೆ. ಬೇರು ನರಕ್ಕೆ ತಾಗಿದಂತೆ ಕಂಡರೆ ತ್ರೀಡಿ ಸ್ಕ್ಯಾನ್ (ಸಿಬಿಸಿಟಿ) ಬಗ್ಗೆ ಕೇಳಿ, ಬಾಯಿ ಶಸ್ತ್ರಚಿಕಿತ್ಸೆಯ ತಜ್ಞರ ಕೈಯಲ್ಲೇ ತೆಗೆಸಿ. ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಂಥ ಕಡೆ ಅದಕ್ಕೆಂದೇ ವಿಭಾಗವಿದೆ. ತೆಗೆಸುವುದು ಖಚಿತವಾದರೆ ವರ್ಷಗಟ್ಟಲೆ ಮುಂದೂಡಬೇಡಿ. ವಯಸ್ಸಾದಂತೆ ಬೇರು ಪೂರ್ತಿ ಬೆಳೆದು, ಎಲುಬು ಗಟ್ಟಿಯಾಗಿ, ಗಾಯ ಮಾಯಲು ಹೆಚ್ಚು ದಿನ ಹಿಡಿಯುತ್ತದೆ.

ತೆಗೆಸಿದ ದಿನ ಹತ್ತಿಯನ್ನು ಅರ್ಧ ತಾಸು ಕಚ್ಚಿ ಹಿಡಿಯಿರಿ, ಹೊರಗಿನಿಂದ ಐಸ್ ಇಡಿ. 24 ತಾಸು ಮುಕ್ಕಳಿಸಬೇಡಿ, ಉಗುಳಬೇಡಿ, ಸ್ಟ್ರಾ ಹಾಕಿ ಹೀರಬೇಡಿ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಎಲುಬಿಗೆ ಹೊದಿಕೆ. ಅದು ಕಿತ್ತುಬಂದರೆ ಮೂರನೇ ದಿನದ ಹೊತ್ತಿಗೆ ಕಿವಿಯವರೆಗೂ ಸಿಡಿಯುವ ನೋವು, ಬಾಯಲ್ಲಿ ಕೆಟ್ಟ ವಾಸನೆ ಶುರುವಾಗುತ್ತದೆ. ಇದು ಡ್ರೈ ಸಾಕೆಟ್, ಬೀಡಿ-ಸಿಗರೇಟು ಸೇದುವವರಿಗೆ ಹೆಚ್ಚು. ಆಗಲೂ ಮೆಡಿಕಲ್ ಶಾಪಿಗೆ ಓಡಬೇಡಿ. ಹಲ್ಲು ತೆಗೆದ ವೈದ್ಯರ ಹತ್ತಿರವೇ ಹೋಗಿ. ಗುಳಿ ತೊಳೆದು ಔಷಧಿಯ ಪಟ್ಟಿ ಇಟ್ಟರೆ ನೋವು ಬೇಗ ಹತೋಟಿಗೆ ಬರುತ್ತದೆ.