ಬಸೂನಿಗೆ ನಮ್ಮೂರ ಮಳೆ ಆಗಿಬರಲ್ಲ

ಬಸೂನ್ ಎಂಬ ಪಾಶ್ಚಾತ್ಯ ಊದುವಾದ್ಯ ನುಡಿಸುವವರು ಸಂಗೀತಗಾರರು ಅನ್ನೋದು ಅರ್ಧ ಮಾತ್ರ ನಿಜ. ಉಳಿದರ್ಧ ಬಡಗಿ ಕೆಲಸ. ಬಾಯಿಗಿಡುವ ಪೀಪಿಯನ್ನು ನೆನೆಸು, ಚಾಕುವಿನಲ್ಲಿ ಕೆರೆ, ಬೆಳಕಿಗೆ ಹಿಡಿದು ನೋಡು, ಊದು, ಬೈದುಕೋ, ಮತ್ತೆ ಕೆರೆ. ಕೂದಲೆಳೆಯಷ್ಟು ಜಾಸ್ತಿ ಕೆರೆದರೆ ಅದು ಕಸದ ಬುಟ್ಟಿಗೆ. ಚೆನ್ನಾಗಿ ಬಂದ ಪೀಪಿಯೂ ದಿನಾ ಊದಿದರೆ ಕೆಲವೇ ವಾರಗಳಲ್ಲಿ ಸೋಲುತ್ತದೆ. ಆಮೇಲೆ ಮತ್ತೆ ಶುರುವಿನಿಂದ.

ನಾನು ಜರ್ಮನಿಯ ಒಂದು ಸಿಂಫನಿ ಆರ್ಕೆಸ್ಟ್ರಾದಲ್ಲಿ ಎರಡನೇ ಬಸೂನ್. ಮೊದಲನೆಯವರಿಗೆ ಸೋಲೋ, ಚಪ್ಪಾಳೆ. ನನಗೆ ಕೆಳಗಿನ ಸ್ವರಗಳು, ಮತ್ತು ಲೆಕ್ಕ. ತುತ್ತೂರಿಯವರು ಮೆರೆಯುವಷ್ಟು ಹೊತ್ತು ನಾವು ಮೌನವಾಗಿ ತಾಳ ಎಣಿಸುತ್ತಾ ಕೂತಿರಬೇಕು. ಸರಿಯಾದ ಜಾಗದಲ್ಲಿ ಶುರು ಮಾಡಿದರೆ ಯಾರಿಗೂ ಗೊತ್ತಾಗಲ್ಲ. ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ವಾದ್ಯ ಮೇಪಲ್ ಮರದ್ದು. ಒಳಗಿನ ಕೊಳವೆಯನ್ನು ನೆಟ್ಟಗೆ ಮಾಡಿದರೆ ಸುಮಾರು ಎಂಟು ಅಡಿ ಆಗುತ್ತದೆ. ಅಷ್ಟುದ್ದ ಹಿಡಿಯೋದು ಹೇಗೆ? ಅದಕ್ಕೇ ಮಡಚಿ ಮಾಡಿದ್ದಾರೆ. ಕೊಳಲಿನವರ ಹೆಬ್ಬೆರಳು ಸುಮ್ನೆ ಆಸರೆಗಿರುತ್ತದೆ, ನಮ್ಮ ಎಡಗೈ ಹೆಬ್ಬೆರಳೊಂದೇ ಒಂಬತ್ತರಷ್ಟು ಕೀಗಳನ್ನು ನೋಡಿಕೊಳ್ಳಬೇಕು. ನಮ್ಮ ಓಲಗದವರದ್ದರ ಹಾಗೆ ಪೀಪಿಗೆ ಎರಡು ಎಲೆ. ಅರುಂಡೊ ಡೊನಾಕ್ಸ್ ಎಂಬ ಜೊಂಡಿನಿಂದ ಮಾಡುತ್ತಾರೆ. ಹೆಸರುವಾಸಿ ಜೊಂಡು ಬರುವುದು ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತ್ಯದಿಂದ. ಒಳ್ಳೆ ಬಿಸಿಲಿನ ಊರು. ಕಡಿದು, ವರ್ಷಗಟ್ಟಲೆ ಒಣಗಿಸಿ ಮಾರುತ್ತಾರೆ.

ಇಂಥ ಬಿಸಿಲಿನ ಜೊಂಡನ್ನು ನಾನು ತರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿರುವ ನಮ್ಮನೆಗೆ. ಅದೂ ಜುಲೈ ತಿಂಗಳಲ್ಲಿ. ಯುರೋಪಿನ ಆರ್ಕೆಸ್ಟ್ರಾಗಳಿಗೆ ಬೇಸಿಗೆ ರಜೆ ಸಿಗುವುದೇ ಆಗ, ಏನು ಮಾಡೋದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ. ಅದರಲ್ಲಿ ದೊಡ್ಡ ಪಾಲು ನನ್ನ ರಜೆಯಲ್ಲೇ ಸುರಿಯುತ್ತದೆ.

ಮೊದಲು ಬೂಷ್ಟು ಹಿಡಿದದ್ದು ಅಪ್ಪಯ್ಯನ ಚಪ್ಪಲಿಗೆ. ಆಮೇಲೆ ನನ್ನ ಬೆಲ್ಟಿಗೆ. ಬಸೂನಿನ ಕೀಗಳ ಅಡಿಯಲ್ಲೂ ತೊಗಲಿನ ಪ್ಯಾಡುಗಳಿರುತ್ತವೆ. ಬೂಷ್ಟಿಗೆ ಯಾವ ತೊಗಲಾದರೇನು? ಕೊನೆಗೆ ಪೆಟ್ಟಿಗೆ ತೆಗೆದು ನೋಡಿದರೆ ಪೀಪಿಗಳ ಮೇಲೆಲ್ಲ ಬೆಳ್ಳಗೆ ಹತ್ತಿ ಬೆಳೆದಿತ್ತು.

"ಅಷ್ಟಕ್ಕೆಂತ ತಲೆಬಿಸಿ?" ಎಂದರು ಅಮ್ಮ. ಅರ್ಧದಷ್ಟು ಪೀಪಿಗಳನ್ನು ದಾರದಲ್ಲಿ ಪೋಣಿಸಿ ಬಚ್ಚಲೊಲೆಯ ಮೇಲಿನ ಗಳಕ್ಕೆ ಕಟ್ಟಿದರು. ಒಂದು ಕಡೆ ಬನಿಯನ್ನು, ಇನ್ನೊಂದು ಕಡೆ ಟವೆಲ್ಲು, ನಡುವೆ ಯುರೋಪಿನ ಶಾಸ್ತ್ರೀಯ ಸಂಗೀತ.

ಉಳಿದರ್ಧ ಅಪ್ಪಯ್ಯನ ಕಣ್ಣಿಗೆ ಬಿತ್ತು. ಅದೇ ಹೊತ್ತಿಗೆ ಮಳೆ ಹೊಳವಾಗಿ, ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯುವ ತಯಾರಿ ನಡೆದಿತ್ತು. ಅಡಿಕೆಗೆ ಕೊಳೆ ಬರಬಾರದು ಅಂತ ಮೈಲುತುತ್ತ, ಸುಣ್ಣ ಕದಡಿದ ಬೋರ್ಡೋ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪೀಪಿಗಳು ಜಗಲಿಯ ಮೇಲೆ ನೀಲಿಯಾಗಿ ಸಾಲಾಗಿ ಮಲಗಿದ್ದವು.

"ಬೂಷ್ಟು ಅಂದ್ಯಲ್ಲ. ಒಂದು ಸಲ ಅದ್ದಿ ತೆಗ್ದೆ. ಇನ್ನು ಈ ಮಳೆಗಾಲಕ್ಕೆ ಯೋಚ್ನೆ ಇಲ್ಲ."

"ಅಪ್ಪಯ್ಯಾ, ಅದನ್ನ ಬಾಯಲ್ಲಿಡಬೇಕು! ಫ್ರಾನ್ಸಿನಿಂದ ತರಿಸಿದ್ದು!"

"ಬೋರ್ಡೋನೂ ಫ್ರಾನ್ಸಿಂದೇ ಮಾರಾಯ. ಅಲ್ಲಿಂದ ಬಂದಿದ್ರಲ್ಲಿ ನಮ್ಗೆ ಉಪಯೋಗ ಆಗಿದ್ದು ಅದೊಂದೇ."

ಅಪ್ಪಯ್ಯ ಹೇಳಿದ್ದು ಸುಳ್ಳಲ್ಲ. ಬೋರ್ಡೋ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲೇ. ನೀಲಿ ಪೀಪಿಗಳು ಗುಂಡಿ ಸೇರಿದವು.

ಬಚ್ಚಲೊಲೆಯವು ಬದುಕಿಕೊಂಡವು. ಹೊಗೆ ಕುಡಿದು ಕಂದು ಬಣ್ಣಕ್ಕೆ ತಿರುಗಿದ್ದವು. ಬಾಯಲ್ಲಿಟ್ಟರೆ ಸಂಡಿಗೆ ಡಬ್ಬಿಯ ರುಚಿ. ಆದರೂ ಕೆಳಗಿನ ಬಿ ಫ್ಲ್ಯಾಟ್, ಅಂದರೆ ಬಸೂನಿನ ಅತಿ ತಗ್ಗಿನ ಸ್ವರ, ಗೋಡೆ ನಡುಗುವ ಹಾಗೆ ಬಂತು. ಅಮ್ಮ ಅಡುಗೆಮನೆಯಿಂದಲೇ, "ಅಜ್ಜಯ್ಯ ಬೆಳಿಗ್ಗೆ ಎದ್ದು ಗಂಟ್ಲು ಸರಿ ಮಾಡ್ಕೊಳ್ತಿದ್ದಿದ್ದು ಹೀಗೇ ಅಲ್ವಾ?" ಎಂದರು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ರಷ್ಯಾದ ಸಂಗೀತ ರಚನೆಕಾರ ಪ್ರೊಕೊಫಿಯೆವ್ 1936ರಲ್ಲಿ ಮಕ್ಕಳಿಗಾಗಿ 'ಪೀಟರ್ ಮತ್ತು ತೋಳ' ಎಂಬ ಸಂಗೀತ ಕಥೆ ಬರೆದಾಗ ಗೊಣಗುವ ಅಜ್ಜನ ಪಾತ್ರ ಕೊಟ್ಟಿದ್ದು ಬಸೂನಿಗೇ.

ಪಕ್ಕದ ತೋಟದ ಹೆಗ್ಡೇರಿಗೆ ಮಾತ್ರ ಮೊದಲಿಂದಲೂ ನನ್ನ ಮೇಲೆ ಗುಮಾನಿ. ಒಂದು ವರ್ಷ ಎಲೆಕ್ಷನ್ ಹೊತ್ತಿನಲ್ಲಿ ಬಂದಿದ್ದೆ. ತೋಟದವರೆಲ್ಲ ತಮ್ಮ ಕೋವಿಗಳನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸುವ ಸಮಯ. ನಾನು ಜಗಲಿಯಲ್ಲಿ ಕೂತು ಬಸೂನಿನ ತುಂಡುಗಳನ್ನು ಒರೆಸುತ್ತಿದ್ದೆ. ಹೆಗ್ಡೇರು ಬೇಲಿಯಾಚೆಯಿಂದ ನೋಡಿ, ದನಿ ತಗ್ಗಿಸಿ, "ಇದನ್ನ ಇನ್ನೂ ಕೊಟ್ಟಿಲ್ವಾ?" ಎಂದು ಕೇಳಿದ್ದರು.

ಈಗ ಹೊಗೆ ಪೀಪಿಯ ಬಿ ಫ್ಲ್ಯಾಟ್ ಕೇಳಿ ನಮ್ಮ ಬಾಳೆಗೊನೆ ಮೇಲಿದ್ದ ಮಂಗಗಳು ಎದ್ದುಬಿದ್ದು ಓಡಿದವು. ಓಡಿದ್ದು ಹೆಗ್ಡೇರ ತೋಟಕ್ಕೆ. ಅವರು ಕೊಡೆ ಹಿಡಿದು ಬಂದೇಬಿಟ್ಟರು. "ನಮ್ಮಲ್ಲೂ ಬಂದು ಊದು. ನ್ಯಾಯ ಅಂದ್ರೆ ನ್ಯಾಯ."

ಹೋದೆ. ಅಪ್ಪಯ್ಯ ಕೊಡೆ ಹಿಡಿದರು, ನನಗಲ್ಲ, ವಾದ್ಯಕ್ಕೆ. ಅವಕಾಶ ಸಿಕ್ಕಿದೆಯಲ್ಲ ಅಂತ ಇನ್ನೊಬ್ಬ ರಷ್ಯನ್ ರಚನೆಕಾರ ಸ್ಟ್ರಾವಿನ್ಸ್ಕಿಯ 'ವಸಂತದ ಆರಾಧನೆ' ಎಂಬ ಬ್ಯಾಲೆ ಸಂಗೀತದ ಶುರುವಿನ ಭಾಗ ಎತ್ತಿಕೊಂಡೆ. ಬಸೂನಿಗೆ ಎಟುಕದಷ್ಟು ಎತ್ತರದ ಸ್ವರಗಳು. ಅದು ಮೊದಲನೇ ಬಸೂನಿನವರ ಆಸ್ತಿ, ನನಗೆ ಅಡಿಕೆ ತೋಟದಲ್ಲಿ ಬಿಟ್ಟರೆ ಬೇರೆಲ್ಲೂ ಸಿಗಲ್ಲ. 1913ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಸಲ ಇದನ್ನು ನುಡಿಸಿದಾಗ ಜನ ನಕ್ಕು, ಕೂಗಾಡಿ, ದೊಡ್ಡ ಗಲಾಟೆಯೇ ಆಗಿತ್ತು.

ಹೆಗ್ಡೇರ ತೋಟದಲ್ಲಿ ಹಾಗೇನೂ ಆಗಲಿಲ್ಲ. ಮಂಗಗಳು ಹತ್ತಿರದ ಮರಕ್ಕೆ ಇಳಿದು ಬಂದು, ಮರಿಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಾಳೆಹಣ್ಣು ಸುಲಿಯುತ್ತಾ ಪೂರ್ತಿ ಕೇಳಿದವು. ನನ್ನ ವೃತ್ತಿಯಲ್ಲಿ ಇಷ್ಟು ಮರ್ಯಾದೆಯ ಸಭಿಕರನ್ನು ನೋಡಿದ್ದು ಕಮ್ಮಿ.

ಹೆಗ್ಡೇರು ಒಂದು ಗಳಿಗೆ ಅವುಗಳನ್ನು ನೋಡಿದರು. ಇನ್ನೊಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಅಪ್ಪಯ್ಯನ ಕಡೆ ತಿರುಗಿ, "ಗರ್ನಾಲೇ ವಾಸಿ" ಎಂದು ಕೊಡೆ ಬಿಚ್ಚಿದರು.