ಸ್ಪಷ್ಟನೆ: ಚಾಲೆಂಜರ್ ಉಡಾವಣೆಗೆ ಸಹಿ ಹಾಕದವರು ಬೋಜೊಲೆ ಅಲ್ಲ

2012ರ ಜನವರಿಯಲ್ಲಿ ತೀರಿಕೊಂಡ ಎಂಜಿನಿಯರ್ ರೋಜರ್ ಬೋಜೊಲೆ ಅವರನ್ನು ನೆನೆಯುವಾಗ, 1986ರಲ್ಲಿ ಸಿಡಿದ ಅಮೆರಿಕದ ಬಾಹ್ಯಾಕಾಶ ನೌಕೆಯ ಬಗ್ಗೆ 'ಚಾಲೆಂಜರ್ ಉಡಾವಣೆಗೆ ಸಹಿ ಹಾಕಲು ಒಪ್ಪದವರು' ಎಂಬ ಮಾತು ಹರಿದಾಡುತ್ತದೆ. ಅದು ತಪ್ಪು. ಸಹಿ ನಿರಾಕರಿಸಿದವರು ಬೋಜೊಲೆ ಕೆಲಸ ಮಾಡುತ್ತಿದ್ದ, ನೌಕೆಯ ಬೂಸ್ಟರ್ ರಾಕೆಟ್‌ಗಳನ್ನು ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಅಲನ್ ಮೆಕ್‌ಡೊನಾಲ್ಡ್. ಅವರು ಆಗ ಉಡಾವಣೆ ನಡೆಯಬೇಕಿದ್ದ ಫ್ಲಾರಿಡಾದಲ್ಲಿದ್ದರು. ಯೂಟಾದಲ್ಲಿದ್ದ ಕಂಪನಿಯ ಕಡೆಯಿಂದ ಸಹಿ ಮಾಡಿ ಕಳಿಸಿದವರು ಜೋ ಕಿಲ್ಮಿನ್‌ಸ್ಟರ್.

ಬೋಜೊಲೆ ಮಾಡಿದ ಕೆಲಸ ಬೇರೆ. ಅದರ ತೂಕವೇನೂ ಕಡಿಮೆಯಲ್ಲ. 1985ರ ಜನವರಿಯಲ್ಲಿ ಹಾರಿದ ಬೂಸ್ಟರ್‌ಗಳನ್ನು ಬಿಚ್ಚಿದಾಗ ಜೋಡಣೆಯ ಸಂದು ಮುಚ್ಚುವ ಎರಡು ರಬ್ಬರ್ ಉಂಗುರಗಳ (ಓ-ರಿಂಗ್‌ಗಳ) ನಡುವಿನ ಗ್ರೀಸ್ ಮಸಿಯಾಗಿತ್ತು. ಅಂದು ಸೀಲಿನ ತಾಪ ಸುಮಾರು 12 ಡಿಗ್ರಿ ಸೆಲ್ಸಿಯಸ್. ಬೂಸ್ಟರ್ ಹೊತ್ತಿಕೊಂಡ ಕೂಡಲೇ ಒಳಗಿನ ಒತ್ತಡಕ್ಕೆ ಕವಚ ಉಬ್ಬಿ ಜೋಡಣೆಯ ಸಂದು ಅಗಲವಾಗುತ್ತದೆ. ಅದುಮಿಟ್ಟ ರಬ್ಬರ್ ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಚಿಮ್ಮಿ ಆ ಸಂದನ್ನು ಮುಚ್ಚಬೇಕು. ತಣ್ಣಗಾದ ರಬ್ಬರ್ ಗಡುಸಾಗಿ ತಡಮಾಡುತ್ತದೆ, ಬಿಸಿ ಅನಿಲ ನುಸುಳುತ್ತದೆ. ಓ-ರಿಂಗ್‌ಗಳು ಹೀಗೆ ಸವೆಯುತ್ತಿರುವುದರಿಂದ ಜೀವಹಾನಿ ಆಗಬಹುದು ಎಂದು ಬೋಜೊಲೆ 1985ರ ಜುಲೈ 31ರ ಟಿಪ್ಪಣಿಯಲ್ಲಿ ಬರೆದು ಎಚ್ಚರಿಸಿದ್ದರು.

ಉಡಾವಣೆ ತಡೆಯಲು ಬೋಜೊಲೆ ನಡೆಸಿದ್ದು 'ಒಬ್ಬಂಟಿ ಹೋರಾಟ' ಎಂಬುದೂ ಸರಿಯಲ್ಲ. 1986ರ ಜನವರಿ 27ರ ರಾತ್ರಿ ನಾಸಾ ಜೊತೆ ನಡೆದ ದೂರವಾಣಿ ಸಭೆಯಲ್ಲಿ ಅವರ ಸಹೋದ್ಯೋಗಿ ಎಂಜಿನಿಯರ್ ಆರ್ನಿ ಥಾಂಪ್ಸನ್ ಕೂಡ ಪಟ್ಟು ಹಿಡಿದು ವಾದಿಸಿದರು. ಮರುದಿನ ಉಡಾವಣೆಯ ಹೊತ್ತಿಗೆ ಹೊರಗಿನ ತಾಪ 2 ಡಿಗ್ರಿಯ ಆಸುಪಾಸಿನಲ್ಲಿತ್ತು. ನೌಕೆ ಸಿಡಿದು ಸಾವಿಗೀಡಾದವರು 7 ಮಂದಿ. ಬೋಜೊಲೆ ಹೆಸರಿನ ಜೊತೆಗೆ ಮೆಕ್‌ಡೊನಾಲ್ಡ್, ಥಾಂಪ್ಸನ್ ಹೆಸರುಗಳನ್ನೂ ದಯವಿಟ್ಟು ಬರೆಯಿರಿ.